ಐದು ಫ್ಯಾನು, ಐದೂ ತಪ್ಪು

ಹದಿನೇಳು ವರ್ಷದ ಹಿಂದೆ, ಮೊದಲ ಸಲ ಖಾಕಿ ತೊಟ್ಟ ದಿನ, ತಂಗಿ ಅಕ್ಕನ ಕೈಮೇಲೆ ಕೈಯಿಟ್ಟು ಒಂದು ಮಾತು ಕೊಟ್ಟಿದ್ದಳು. "ನಿನ್ನ ಮನೆ ಹೊಸಿಲನ್ನ ತಂಗಿಯಾಗಿ ದಾಟ್ತೀನಿ. ಪೊಲೀಸಾಗಿ ದಾಟಲ್ಲ."

ಅಕ್ಕ ಅದನ್ನು ಸುಮ್ಮನೆ ಕೇಳಿ ಪಡೆದಿರಲಿಲ್ಲ. ಇಬ್ಬರೂ ಚಿಕ್ಕವರಿದ್ದಾಗ, ಯಾರದೋ ಕಳುವಾದ ಸೈಕಲ್ಲಿಗಾಗಿ ಅವರ ಅಪ್ಪನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ, ಪೊಲೀಸರು ಕೊರಳಪಟ್ಟಿ ಹಿಡಿದು ಎಳೆದೊಯ್ದಿದ್ದರು. ಸೈಕಲ್ಲು ಮೂರನೇ ದಿನ ಸಿಕ್ಕಿತು. ಅಪ್ಪ ಮಾತ್ರ ಬದುಕಿದ್ದಷ್ಟು ದಿನ ಬಾಗಿಲಿಗೆ ಬೆನ್ನು ಮಾಡಿ ಊಟಕ್ಕೆ ಕೂರಲಿಲ್ಲ.

ಇವತ್ತು ಆ ಹೊಸಿಲಿನಿಂದ ಆರು ಹೆಜ್ಜೆ ಈಚೆಗೆ, ಭಾವನ ಕಂಪ್ಯೂಟರ್ ಅಂಗಡಿಯ ಮೇಜಿನ ಮೇಲೆ, ಈಗ ಇನ್‌ಸ್ಪೆಕ್ಟರಮ್ಮನಾಗಿದ್ದ ಆ ತಂಗಿ ಕಂಪ್ಯೂಟರಿನ ಒಂದು ಕರಿ ಕ್ಯಾಬಿನೆಟ್ಟನ್ನು ಧಡ್ಡೆಂದು ಕುಕ್ಕಿದಳು.

"ಮೆಲ್ಲಗಮ್ಮ, ಮೇಜು ನನ್ನದು" ಎಂದ ಭಾವ.

"ಸಿಟ್ಟು ನನ್ನದು ಭಾವ. ನೋಡಿ ಹೇಳಿ. ಇದಕ್ಕೆ ಏನಾಗಿದೆ?"

ಕ್ಯಾಬಿನೆಟ್ಟನ್ನು ಜೀಪಿನಿಂದ ಹೊತ್ತು ತಂದ ದಫೇದಾರ ಬಾಗಿಲಾಚೆಯಿಂದಲೇ ಅದನ್ನು ಅವಳ ಕೈಗೆ ದಾಟಿಸಿ, "ನಾನು ಗಾಡಿ ಹತ್ರ ಇರ್ತೀನಿ ಮೇಡಂ, ಈ ಸಂದೀಲಿ ಯಾರಾದ್ರೂ ಉಜ್ಜಿಕೊಂಡು ಹೋಗ್ತಾರೆ" ಎಂದು ಹಿಂದಿರುಗಿದ್ದ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹಿಂಬದಿಯ ಹೊಸಿಲಿಗೆ ನೀಲಿ ಪರದೆ ಇಳಿಬಿಟ್ಟಿತ್ತು. ಅದರಾಚೆಗೆ ಮನೆ. ಅಕ್ಕನ ಹೊಲಿಗೆ ಮಷಿನ್ನು ಟರ್ರೆಂದು ಓಡುತ್ತಿತ್ತು.

ನಡೆದದ್ದು ಇಷ್ಟು. ಬಣ್ಣದ ಕಾರ್ಖಾನೆಯ ಬಾಯ್ಲರ್ ಮೇಸ್ತ್ರಿ, ತಾನು ಕೆಲಸ ಮಾಡುತ್ತಿದ್ದ ಪೈಪಿನೊಳಗೆ ಯಾರೋ ಬಿಸಿ ಆವಿ ಬಿಟ್ಟಿದ್ದರಿಂದ ಬೆಂದು ಸತ್ತು ಆರು ದಿನವಾಗಿತ್ತು. ವಾಲ್ವ್ ತಿರುಗಿಸಿದವಳು ತೊಳೆಯುವ ವಿಭಾಗದ ಹೆಂಗಸು ಎಂದು ಮ್ಯಾನೇಜರ್ ಕೈ ತೋರಿಸಿದ್ದ. ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತಂತೆ. ಅಷ್ಟೇ ಸಾಕ್ಷಿ. ಅಷ್ಟಕ್ಕೇ ಅವಳು ಲಾಕಪ್ಪಿನಲ್ಲಿದ್ದಳು. ನಾಳೆ ಹನ್ನೊಂದಕ್ಕೆ ಪೊಲೀಸ್ ಕಸ್ಟಡಿ ಮುಗಿದು, ಕೊಲೆ ಆರೋಪದ ಮೇಲೆ ಅವಳನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕಿತ್ತು. ದಿನಾ ಬೆಳಗ್ಗೆ ಅವಳು ಕಂಬಿ ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನನ್ನ ಮಗಳು ಯಾರ ಮನೇಲಿ ಮಲಗಿದ್ಲು ಅಮ್ಮಾ?"

ವಾಲ್ವಿನ ನೇರಕ್ಕೆ ಒಂದು ಕ್ಯಾಮೆರಾ ಇತ್ತು. ಅದು ಕಂಡದ್ದನ್ನೆಲ್ಲ ಕೂಡಿಡುತ್ತಿದ್ದ ಕಂಪ್ಯೂಟರ್ ಇದೇ. ಆವಿ ಬಿಟ್ಟ ಹೊತ್ತಿಗೆ ಇದು ಆಫ್ ಆಗಿತ್ತು. "ಹಳೇ ಮಷಿನ್ನು ಮೇಡಂ, ಸೆಕೆಗೆ ಕೂತುಬಿಡುತ್ತೆ" ಎಂದು ಮ್ಯಾನೇಜರ್ ನಕ್ಕಿದ್ದ. ಆ ನಗು ನೆನಪಾದಾಗಲೆಲ್ಲ ಇನ್‌ಸ್ಪೆಕ್ಟರಮ್ಮನಿಗೆ ಅಂಗೈ ಉರಿಯುತ್ತಿತ್ತು.

"ಮುಚ್ಚಳ ತೆಗಿ" ಎಂದ ಭಾವ. ಅವನ ಎರಡೂ ಕೈ ಕಂಕುಳಲ್ಲಿದ್ದವು. "ನನ್ನ ಕೈಯೆಲ್ಲ ಗ್ರೀಸು."

ಅವಳು ತೆಗೆದಳು. ಒಳಗೆ ಐದು ಫ್ಯಾನುಗಳಿದ್ದವು. ಮುಂದೆ ಎರಡು, ನೆತ್ತಿಯಲ್ಲಿ ಎರಡು, ಹಿಂದೆ ಒಂದು. ಐದೂ ಹೊಸವು.

"ಮುಂದಿನದನ್ನ ಬಿಚ್ಚಿ ಬೆಳಕಿಗೆ ಹಿಡಿ."

ಅವಳು ಬಿಚ್ಚಿ ಹಿಡಿದಳು. ಭಾವ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದ. ಅವನ ಹಣೆ ಗಂಟಿಕ್ಕಿತು.

"ಯಾವ ಗೂಬೆ ಹಾಕಿದ್ದು ಇದನ್ನ?"

"ಯಾಕೆ?"

"ಯಾಕೆ ಅಂದ್ರೆ? ರೆಕ್ಕೆ ನೋಡು. ಸಣ್ಣ ಸಣ್ಣದು, ಹನ್ನೊಂದಿದೆ. ಇದು ಬಯಲಲ್ಲಿ ಓಡೋ ಕುದುರೆ. ಎದುರಿಗೆ ಏನೂ ಅಡ್ಡ ಇಲ್ಲದಿದ್ರೆ ರಾಶಿ ಗಾಳಿ ತಳ್ಳುತ್ತೆ. ಈ ಡಬ್ಬದ ಮುಂದೆ ಏನಿದೆ? ದಪ್ಪ ಧೂಳಿನ ಜಾಲರಿ. ಅದರ ಹಿಂದೆ ಹಾರ್ಡ್ ಡಿಸ್ಕಿನ ಗೂಡು, ಆರು ಡಿಸ್ಕು ಒತ್ತೊತ್ತಾಗಿ. ಇಷ್ಟನ್ನ ತೂರಿಕೊಂಡು ಗಾಳಿ ಎಳೀಬೇಕಾದ್ರೆ ಅಗಲ ರೆಕ್ಕೆಯ ಒತ್ತಡದ ಫ್ಯಾನು ಬೇಕು. ಇದು ಜಾಲರಿ ಮುಂದೆ ಸುಮ್ನೆ ಗಿರ್ ಅಂತ ತಿರುಗುತ್ತೆ. ತಿರುಗೋದು ಕಾಣ್ಸುತ್ತೆ, ಗಾಳಿ ಬರಲ್ಲ. ನಮ್ಮ ವಾರ್ಡಿನ ಮೆಂಬರ್ ಇದ್ದ ಹಾಗೆ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು.

"ಮೇಲಿನದು?"

"ಅದರ ನಡುವಿನ ಸ್ಟಿಕ್ಕರ್ ಓದು. ನಿಮಿಷಕ್ಕೆ ಎಷ್ಟು ಸುತ್ತು?"

"ಆರುನೂರು."

"ಆರುನೂರು! ಕೂತು ಹಾಡು ರೆಕಾರ್ಡ್ ಮಾಡೋರಿಗೆ, ಉಸಿರಿನ ಸದ್ದೂ ಆಗಬಾರದು ಅನ್ನೋರಿಗೆ ಕೊಡೋ ಫ್ಯಾನು ಇದು. ಆ ಕಾರ್ಖಾನೇಲಿ ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳಲ್ಲ. ಅಲ್ಲಿ ಯಾರ ನಿದ್ದೆ ಕೆಡುತ್ತೆ ಅಂತ ಇದನ್ನ ಹಾಕಿದ್ರು? ತಗಡಿನ ಸೂರು, ಸುಡು ಮಧ್ಯಾಹ್ನ. ಅಲ್ಲಿ ಸದ್ದು ಮಾಡಿದ್ರೂ ಸರಿ, ಬಿಸಿಯನ್ನ ಎತ್ತಿ ಎಸೆಯೋ ಫ್ಯಾನು ಬೇಕು." ಭಾವನ ದನಿ ಏರುತ್ತ ಹೋಯಿತು. ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕೆಟ್ಟ ಕೆಲಸದ ಮೇಲೆ ಬಂದದ್ದನ್ನು ಇಡೀ ಬೀದಿ ಕಂಡಿತ್ತು. "ಹಿಂದಿಂದು ತೋರ್ಸು. ಅಯ್ಯೋ, ನೋಡು, ನೋಡು! ಅಗಲ ರೆಕ್ಕೆದು ಇಲ್ಲಿದೆ! ಮುಂದಿರಬೇಕಾದ್ದನ್ನ ತಂದು ಹಿಂದೆ ಹಾಕಿದ್ದಾರೆ. ಅದೂ ತಿರುಗಾ ಮುರುಗಾ. ಕಡ್ಡಿಗಳಿರೋ ಮುಖದಿಂದ ಗಾಳಿ ಹೊರಗೆ ಬರೋದು. ಆ ಮುಖ ಡಬ್ಬದ ಒಳಕ್ಕಿದೆ. ಹಿಂದಿನಿಂದ ಗಾಳಿ ಒಳಗೆ ಎಳೀತಾ ಇದೆ ಇದು."

"ಈ ಡಬ್ಬದ ಹಿಂದಿದ್ದ ಗೋಡೆಯ ಮೇಲೆ ಆವಿ ಪೈಪ್ ಹಾದು ಹೋಗಿದೆ ಭಾವ. ಬೆಳಗ್ಗೆ ಮುಟ್ಟಿ ನೋಡಿದೆ. ಬೆರಳು ಚುರ್ ಅಂತು."

ಭಾವ ಬಾಗಿ ಡಬ್ಬದ ಹಿಂಬದಿಯನ್ನು ಇನ್ನೊಮ್ಮೆ ನೋಡಿದ.

"ಅಂದ್ರೆ ಇದು ಕಾದ ಗಾಳಿ ಕುಡೀತಾ ಇತ್ತು" ಎಂದ ನಿಧಾನವಾಗಿ.

"ಒಂಬತ್ತು ದಿನ. ಫ್ಯಾನು ಬದಲಾದ ದಿನದಿಂದ ಸಾವಿನ ದಿನದವರೆಗೆ. ಪ್ರತಿದಿನ ಎರಡು ಗಂಟೆಗೆ ಮಷಿನ್ನು ಕಾದು ತಾನೇ ಆಫ್ ಆಗ್ತಿತ್ತು. ಮೂರಕ್ಕೆ ತಣ್ಣಗಾದ ಮೇಲೆ ಗೇಟಿನ ಕಾವಲುಗಾರ ಬಂದು ಗುಂಡಿ ಒತ್ತುತ್ತಿದ್ದ. ದಿನಾ ಒಂದು ಗಂಟೆ ಕ್ಯಾಮೆರಾ ಕುರುಡು. ಮೇಸ್ತ್ರಿ ಸತ್ತಿದ್ದು ಎರಡೂ ಇಪ್ಪತ್ತಕ್ಕೆ."

ಅಷ್ಟರಲ್ಲಿ ಅವಳು ಬಿಚ್ಚಿಟ್ಟಿದ್ದ ಐದೂ ಫ್ಯಾನುಗಳು ಮೇಜಿನ ಮೇಲೆ ಸಾಲಾಗಿ ಮಲಗಿದ್ದವು. ಅವಳು ಒಂದೊಂದನ್ನೂ ಬೆರಳಿನಿಂದ ಕುಟ್ಟುತ್ತ ಹೇಳಿದಳು.

"ತಿಳಿಯದವನು ಹಾಕಿದ್ರೆ ಯಾವುದೋ ಒಂದಾದ್ರೂ ಅದೃಷ್ಟಕ್ಕೆ ಸರಿ ಕೂರುತ್ತೆ. ಅಲ್ವಾ? ಇಲ್ಲಿ ಐದಕ್ಕೆ ಐದೂ ತಪ್ಪು. ಒಂದೂ ಬಿಡದ ಹಾಗೆ ತಪ್ಪು ಮಾಡ್ಬೇಕಾದ್ರೆ ಸರಿ ಯಾವುದು ಅಂತ ಚೆನ್ನಾಗಿ ಗೊತ್ತಿರ್ಬೇಕು."

"ಹೌದು" ಎಂದ ಭಾವ. "ಇದು ಕೆಲಸ ಬಲ್ಲವರ ಕೈ. ಯಾವ ಅಂಗಡೀದು?"

ಅವಳು ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ಅವನ ಮುಂದೆ ಹಿಡಿದಳು.

"ಮುಚ್ಚಳದ ಒಳಮೈಗೆ ಅಂಟಿಸಿತ್ತು. ಇಲ್ಲಿಗೆ ತರೋ ಮೊದಲು ಕಿತ್ತಿಟ್ಟುಕೊಂಡೆ."

ಇಡೀ ಊರಿನಲ್ಲಿ ಈ ಪದ್ಧತಿ ಇದ್ದದ್ದು ಒಂದೇ ಅಂಗಡಿಯಲ್ಲಿ. ಯಾವ ಫ್ಯಾನು ಎಲ್ಲಿ, ಗಾಳಿ ಒಳಕ್ಕೋ ಹೊರಕ್ಕೋ ಎಂದು ಬಾಣದ ಗುರುತು ಹಾಕಿ ಬರೆದ ಚೀಟಿಯನ್ನು ಅಂಟಿಸದೆ ಭಾವ ಒಂದು ಡಬ್ಬವನ್ನೂ ಮುಚ್ಚಗೊಡುತ್ತಿರಲಿಲ್ಲ. ನಾಳೆ ಇನ್ನೊಬ್ಬ ರಿಪೇರಿಯವನು ತೆರೆದರೆ ತಡಕಾಡಬಾರದು ಎಂಬುದು ಅವನ ವಾದ. ಚೀಟಿಯಲ್ಲಿ ಅವನದೇ ದುಂಡಕ್ಷರವಿತ್ತು: ಮುಂದೆ ಎರಡು, ಅಗಲ ರೆಕ್ಕೆ, ಒಳಕ್ಕೆ. ಹಿಂದೆ ಒಂದು, ಮೇಲೆ ಎರಡು, ಸಣ್ಣ ರೆಕ್ಕೆ, ವೇಗದ್ದು, ಹೊರಕ್ಕೆ.

ಚೀಟಿ ಅಷ್ಟೂ ಸರಿ. ಡಬ್ಬ ಅಷ್ಟೂ ತಪ್ಪು.

ಪರದೆಯಾಚೆ ಹೊಲಿಗೆ ಮಷಿನ್ನು ನಿಂತಿತು.

ಭಾವ ಆ ಕಡೆ ನೋಡಲಿಲ್ಲ. ನೋಡದೇ ಇರಲು ಅವನು ಪಟ್ಟ ಕಷ್ಟವನ್ನು ಇನ್‌ಸ್ಪೆಕ್ಟರಮ್ಮ ನೋಡಿದಳು.

"ನಾನೇ ಹಾಕಿದ್ದು" ಎಂದ.

"ಏನಂದ್ರಿ?"

"ಮರೆತಿದ್ದೆ. ಈಗ ನೆನಪಾಯ್ತು. ನಾನೇ ಹಾಕಿದ್ದು. ಗಡಿಬಿಡಿ. ಬರ್ಕೋ."

"ಈಗ ತಾನೇ ಗೂಬೆ ಅಂದ್ರಲ್ಲ ಭಾವ. ನಿಮ್ಮನ್ನೇ ಬೈಕೊಂಡ್ರಾ?"

"ಬೈಕೊಂಡೆ. ನನ್ನ ಬಾಯಿ, ನನ್ನ ಇಷ್ಟ."

"ಆ ಹೆಂಗಸು ಆರು ದಿನದಿಂದ ಕಂಬಿ ಹಿಡ್ಕೊಂಡು ನಿಂತಿದಾಳೆ!" ಅವಳು ಮೇಜಿಗೆ ಗುದ್ದಿದಳು. ಡಬ್ಬಿಯಿಂದ ಸ್ಕ್ರೂಗಳು ಚಿಮ್ಮಿ ಬಿದ್ದವು. "ಅವಳಿಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ. ಕ್ಯಾಮೆರಾನ ಬೇಕು ಅಂತ ಕುರುಡು ಮಾಡಿಸಿದವನು ಬೇರೆ ಅಂತ ಒಂದು ಕಾಗದದ ಮೇಲೆ ಬಂದ್ರೆ ನಾಳೆ ಮಗಳ ಹತ್ರ ಹೋಗ್ತಾಳೆ. ನೀವು ಇಲ್ಲಿ ನಾಟಕ ಆಡ್ತೀರಾ? ನನ್ನ ಮುಂದೆ?"

"ನಾನೇ ಅಂತ ಹೇಳ್ತಾ ಇದೀನಲ್ಲ."

ಅವಳು ಒಂದು ಫ್ಯಾನನ್ನೂ ನಾಲ್ಕು ಸ್ಕ್ರೂಗಳನ್ನೂ ಸ್ಕ್ರೂ ಡ್ರೈವರನ್ನೂ ಅವನ ಮುಂದೆ ತಳ್ಳಿದಳು.

"ಹಾಕಿ ತೋರ್ಸಿ."

"ಈಗ?"

"ಈಗಲೇ. ಐದು ಹಾಕಿದವರಿಗೆ ಒಂದು ಏನು ಮಹಾ?"

ಭಾವ ಕಂಕುಳಿಂದ ಕೈ ತೆಗೆದ. ಗ್ರೀಸು ಇರಲಿಲ್ಲ. ಸ್ನಾನ ಮಾಡಿ ಬಂದವನ ಕೈಯಷ್ಟು ಶುಭ್ರವಾಗಿದ್ದವು. ಮತ್ತು ಎರಡೂ ನಡುಗುತ್ತಿದ್ದವು.

ಮೊದಲ ಸ್ಕ್ರೂ ಬೆರಳಿಗೆ ಸಿಗದೆ ಉರುಳಿತು. ಎರಡನೆಯದು ಸಿಕ್ಕಿ, ತೂತಿನ ಸುತ್ತ ಟಿಕಟಿಕ ಬಡಿದು, ನೆಲಕ್ಕೆ ಬಿತ್ತು. ಮೂರನೆಯದಕ್ಕೆ ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದ. ಹಿಡಿದ ಕೈ ಇನ್ನಷ್ಟು ನಡುಗಿತು. ಅವನ ಕಿವಿ ಕೆಂಪಾಯಿತು. ಆದರೂ ಬಿಡಲಿಲ್ಲ, ನಾಲ್ಕನೆಯದಕ್ಕೆ ಕೈ ಹಾಕಿದ.

"ಸಾಕು ಮಾಡೇ!"

ಪರದೆ ಸರಿದಿತ್ತು. ಅಕ್ಕ ಹೊಸಿಲಿನ ಒಳಬದಿಯಲ್ಲಿ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು, ತುಟಿಯ ಸಂದಿಯಲ್ಲಿ ಗುಂಡುಪಿನ್ನು. ಅದನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಗಂಡಸಿನ ಕೈ ನಡುಕ ನೋಡೋಕೆ ನಿಂಗೆ ಸಂಬಳ ಕೊಡ್ತಾರೇನೇ?"

"ಎಷ್ಟು ದಿನದಿಂದ?" ಎಂದಳು ತಂಗಿ.

"ಎರಡು ವರ್ಷ. ಆರಿಸೋದು ಅವರು, ಚೀಟಿ ಬರೆಯೋದು ಅವರು. ಬರೆಯೋಕೆ ಬೆಳಗ್ಗೆ ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಕೈ ನಿಲ್ಲುತ್ತೆ. ಸ್ಕ್ರೂ ಹಾಕೋದು, ವೈರು ಜೋಡಿಸೋದು ನಾನು. ಗಿರಾಕಿಗಳಿಗೆ ಗೊತ್ತಾದ್ರೆ ಇನ್ನು ಈ ಬಾಗಿಲಿಗೆ ಯಾರು ಬರ್ತಾರೆ?"

"ಹಾಗಾದ್ರೆ ಇದನ್ನ ಹಾಕಿದ್ದು ನೀನು."

"ನಾನೇ."

"ಗೊತ್ತಿದ್ದೂ ತಪ್ಪಾಗಿ."

"ಗೊತ್ತಿದ್ದೇ. ಆಮೇಲೆ ಅಭ್ಯಾಸದಲ್ಲಿ ಚೀಟೀನೂ ಅಂಟಿಸಿಬಿಟ್ಟೆ ನೋಡು. ಅಂಟಿಸದೆ ಮುಚ್ಚೋಕೆ ನನ್ನ ಕೈಗೆ ಬರಲ್ಲ."

ಭಾವ "ಸುಮ್ನಿರೇ" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇನ್‌ಸ್ಪೆಕ್ಟರಮ್ಮನ ಕತ್ತಿನ ನರ ಉಬ್ಬಿತು. ಚಿಕ್ಕಂದಿನಲ್ಲಿ ಅಕ್ಕ ಅದನ್ನು ಕಂಡೊಡನೆ "ಮೆಣಸಿನಕಾಯಿ ಹಣ್ಣಾಯ್ತು" ಎಂದು ಹಾಸ್ಯ ಮಾಡುತ್ತಿದ್ದಳು. ಇವತ್ತು ಮಾಡಲಿಲ್ಲ.

"ಒಬ್ಬ ಮನುಷ್ಯ ಬೆಂದು ಸತ್ತ ಅಕ್ಕ! ಒಬ್ಬ ಹೆಂಗಸು ಲಾಕಪ್ಪಲ್ಲಿ ಕೊರಗಿ ಸಾಯ್ತಾ ಇದಾಳೆ! ಪೇಪರಲ್ಲಿ ಬಂದಿತ್ತು, ಬೀದಿಯೆಲ್ಲ ಮಾತಾಡ್ತು. ನೀನು ಇಲ್ಲಿ ಕೂತು ರವಿಕೆ ಹೊಲೀತಾ ಇದ್ದೆಯಾ? ಆರು ದಿನ ಗಂಟಲಲ್ಲಿ ಅನ್ನ ಹೇಗೆ ಇಳೀತು ನಿನಗೆ?"

"ಇಳೀಲಿಲ್ಲ."

"ಮತ್ತೆ ಬಾಯಿ ಯಾಕೆ ಬಿಡಲಿಲ್ಲ?"

"ನಿನಗೋಸ್ಕರ" ಎಂದಳು ಅಕ್ಕ. ಈಗ ಅವಳ ದನಿಯೂ ಒಡೆಯಿತು, ಅಳುವಿನಿಂದಲ್ಲ, ಸಿಟ್ಟಿನಿಂದ. "ನನ್ನ ಮೇಲೆ ಹಾರಾಡ್ತೀಯಲ್ಲ, ಮಾಡಿಸಿದ್ದು ನೀನಲ್ವೇನೇ?"

"ನಾನು?"

"ಡಬ್ಬ ತಂದವನು ನಿನ್ನ ಹೆಸರು ಹೇಳಿದ. 'ಮೇಡಂ ಕಳಿಸಿದ್ದಾರೆ, ಕಾರ್ಖಾನೇಲಿ ಬಣ್ಣದ ಪುಡಿ ಕದೀತಾ ಇದಾರೆ, ಕ್ಯಾಮೆರಾ ತಾನಾಗೇ ಕೆಟ್ಟ ಹಾಗೆ ಕಂಡ್ರೆ ಕಳ್ಳ ಧೈರ್ಯವಾಗಿ ಬರ್ತಾನೆ, ಆಗ ಹಿಡೀತೀವಿ' ಅಂದ. ಮಧ್ಯಾಹ್ನ ಒಂದು ಗಂಟೆ ನಿಂತ್ರೆ ಸಾಕು ಅಂದ. ಹಿಂದಿನ ಗೋಡೇಲಿ ಆವಿ ಪೈಪಿದೆ ಅಂತ ನಕ್ಷೆ ಬರೆದು ತೋರ್ಸಿದ. 'ಗುಟ್ಟಿನ ಕೆಲಸ, ಮೇಡಂ ಹತ್ರಾನೂ ಮಾತೆತ್ತಬೇಡಿ, ನಿಮ್ಮ ಮನೆಗೆ ಕೆಲಸದ ವಿಷಯ ತರಲ್ಲ ಅಂತ ಮಾತು ಕೊಟ್ಟಿದ್ದಾರಂತಲ್ಲ' ಅಂದ. ಆ ಮಾತು ನಮ್ಮಿಬ್ಬರಿಗೆ ಬಿಟ್ಟು ಬೇರೆಯವರಿಗೆ ಹೇಗೆ ಗೊತ್ತು? ನೀನೇ ಹೇಳಿರ್ಬೇಕು ಅಂದ್ಕೊಂಡೆ. ನಂಬಿದೆ."

ತಂಗಿ ಹೇಳಿದ್ದಳು. ಒಬ್ಬನಿಗೆ ಮಾತ್ರ. ಎಷ್ಟೋ ವರ್ಷ ಜೀಪಿನಲ್ಲಿ ಪಕ್ಕದಲ್ಲಿ ಕೂತವನಿಗೆ. ಈ ಬೀದಿಯ ತಿರುವಿನಲ್ಲಿ ಬಟ್ಟೆ ಬದಲಿಸಲು ಅವಳು ಪ್ರತಿಸಲ ಗಾಡಿ ನಿಲ್ಲಿಸುವುದನ್ನು ಕಂಡು, ಯಾಕೆ ಮೇಡಂ ಎಂದು ಅವನೇ ಕೇಳಿದ್ದ.

"ಮೇಸ್ತ್ರಿ ಸತ್ತ ಅಂತ ಗೊತ್ತಾದ ದಿನ ನನಗೆ ಎದೆ ಒಡೀತು" ಅಕ್ಕ ಹೇಳುತ್ತಿದ್ದಳು. "ನನ್ನ ತಂಗಿ ಏನೋ ಕೊಳೆಯಲ್ಲಿ ಕಾಲಿಟ್ಟಿದಾಳೆ ಅಂದ್ಕೊಂಡೆ. ಬಾಯಿ ಬಿಟ್ಟು ನಿನ್ನನ್ನ ಹಿಡಿದು ಕೊಡ್ಲಾ? ನೀನಾಗಿದ್ರೆ ಕೊಡ್ತಿದ್ದೆಯಾ ನನ್ನನ್ನ?"

"ಬಂದವನು ಹೇಗಿದ್ದ?"

ಅಕ್ಕ ತಂಗಿಯ ಭುಜದ ಮೇಲಿಂದ ಬೀದಿಯ ಕಡೆ ದೃಷ್ಟಿ ಹಾಯಿಸಿದಳು. ದನಿ ತಗ್ಗಿಸಿದಳು.

"ಹೇಗಿದ್ದ ಅಂತ ನನ್ನನ್ನ ಕೇಳ್ತೀಯಾ? ಈಗ ತಾನೇ ಡಬ್ಬ ನಿನ್ನ ಕೈಗೆ ಕೊಟ್ಟು, ಮುಖ ತೋರ್ಸದೆ ಓಡಿ ಹೋದನಲ್ಲ, ದನಿ ಕೇಳೇ ಗುರುತು ಹಿಡಿದೆ."

ಬೀದಿಯಲ್ಲಿ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಬೂಟಿನ ಸದ್ದು, ಅವಸರವಿಲ್ಲದ್ದು.

"ಮೇಡಂ" ಎಂದು ದಫೇದಾರ ದೂರದಿಂದಲೇ ಕೂಗಿದ. "ತಡ ಆಯ್ತಲ್ಲ. ಒಳಗೆ ಬರ್ಲಾ?"

"ಭಾವ, ಶಟರ್ ಎಳೀರಿ."

ಸ್ಕ್ರೂ ಹಿಡಿಯಲಾಗದ ಕೈಗಳಿಂದ ಭಾವ ಶಟರಿನ ಹಿಡಿಗೆ ಜೋತುಬಿದ್ದು ಇಡೀ ಮೈಭಾರ ಬಿಟ್ಟ. ಕಬ್ಬಿಣ ಗರಗರನೆ ಇಳಿದು ನೆಲಕ್ಕೆ ಬಡಿಯಿತು. ಅಂಗಡಿ ಕತ್ತಲಾಯಿತು. ಪರದೆ ಸರಿದ ಬಾಗಿಲಿನಿಂದ ಮಾತ್ರ ಮನೆಯ ದೀಪದ ಬೆಳಕು ಬೀಳುತ್ತಿತ್ತು.

"ಹೇಳಿಕೆ ಬರೀಬೇಕು ಅಕ್ಕ. ಈಗ. ನಿನ್ನ ಹೆಸರಲ್ಲಿ. ನೀನು ಹಾಕಿದ್ದು, ಅವನು ಹಾಕಿಸಿದ್ದು, ಎಲ್ಲ. ನಾಳೆ ಹನ್ನೊಂದಕ್ಕೆ ಅದು ನ್ಯಾಯಾಧೀಶರ ಕೈಲಿರಬೇಕು."

"ಬರೆದ್ರೆ ನನ್ನನ್ನೂ ಕರ್ಕೊಂಡು ಹೋಗ್ತಾರೆ."

"ಹೋಗ್ತಾರೆ."

"ಅಪ್ಪನ್ನ ಕರ್ಕೊಂಡು ಹೋದ ಹಾಗೆ."

ತಂಗಿಗೆ ಅಕ್ಕನ ಮೇಲೆ, ದಫೇದಾರನ ಮೇಲೆ, ಜೀಪಿನಲ್ಲಿ ಬಾಯಿಬಿಟ್ಟ ತನ್ನ ಮೇಲೆ ಒಟ್ಟಿಗೇ ಸಿಟ್ಟು ಉಕ್ಕುತ್ತಿತ್ತು. ಯಾವುದನ್ನು ಮೊದಲು ಉಗುಳುವುದೆಂದು ತಿಳಿಯದೆ ಹಲ್ಲು ಕಚ್ಚಿ ನಿಂತಳು.

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಮನೆಯೊಳಗೆ, ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.

"ನಾನು ಇಲ್ಲಿಂದ ಏಳಲ್ಲ. ನೀನು ಇಲ್ಲಿಗೆ ಬರಲ್ಲ ಅಂದಿದ್ದೀಯ. ಆ ಬಟ್ಟೇಲಿ ಬರಲ್ಲ ಅಂದಿದ್ದೀಯ."

ಶಟರನ್ನು ಹೊರಗಿನಿಂದ ಬೆರಳ ಗಂಟಿನಲ್ಲಿ ಬಡಿದ ಸದ್ದು. ಮೂರು ಸಲ. "ಮೇಡಂ? ಶಟರ್ ಯಾಕೆ ಹಾಕಿದ್ರಿ?" ದನಿಯಲ್ಲಿ ನಗು ಇನ್ನೂ ಇತ್ತು. "ಸಾಹೇಬರ ಫೋನ್ ಬಂದಿದೆ. ಡಬ್ಬಾನ ವಾಪಸ್ ತರೋಕೆ ಹೇಳ್ತಿದ್ದಾರೆ. ಈಗಲೇ ಅಂತೆ."

ಡಬ್ಬವನ್ನು ಇಲ್ಲಿಗೆ ತಂದದ್ದನ್ನು ಅವಳು ಮೇಲಧಿಕಾರಿಯಾದ ಸಾಹೇಬರಿಗೆ ಹೇಳಿರಲಿಲ್ಲ; ಗೊತ್ತಿದ್ದದ್ದು ದಫೇದಾರನಿಗೆ ಮಾತ್ರ.

ಭಾವ ಶಟರಿಗೆ ಬೆನ್ನು ಕೊಟ್ಟು ನಿಂತ. ಇನ್‌ಸ್ಪೆಕ್ಟರಮ್ಮ ಐದು ಫ್ಯಾನುಗಳನ್ನೂ ಚೀಟಿಯನ್ನೂ ಕೈಚೀಲಕ್ಕೆ ತುಂಬಿದಳು. ಹೇಳಿಕೆಯ ಹಾಳೆ ತೆಗೆದಳು. ಪೆನ್ನಿನ ಮುಚ್ಚಳ ಬಿಚ್ಚಿದಳು. ಟೋಪಿ ಸರಿಮಾಡಿಕೊಂಡಳು. ಬೂಟು ಬಿಚ್ಚಲಿಲ್ಲ.

ಹೊಸಿಲು ದಾಟಿ ಒಳಗೆ ಹೋಗಿ ಅಕ್ಕನ ಎದುರು ನೆಲದ ಮೇಲೆ ಕೂತಳು.

"ಹೆಸರು ಹೇಳಿ" ಎಂದಳು.

ಅಕ್ಕ ಅವಳ ಮುಖವನ್ನೇ ನೋಡಿದಳು. ಹುಟ್ಟಿದಾಗಿನಿಂದ ತಂಗಿ ಅವಳನ್ನು 'ನೀನು' ಎಂದೇ ಕರೆದಿದ್ದಳು.

"ಗಂಡನ ಹೆಸರು. ವಯಸ್ಸು. ಕಸುಬು. ಒಂದೊಂದಾಗಿ ಹೇಳಿ. ಬರ್ಕೋತೀನಿ."

ಶಟರ್ ಮತ್ತೆ ಸದ್ದು ಮಾಡಿತು. ಈ ಸಲ ಬೆರಳಿನದ್ದಲ್ಲ, ಭುಜದ್ದು.

ಅಕ್ಕ ಹೆಸರು ಹೇಳಿದಳು. ತಂಗಿ ಬರೆದುಕೊಂಡಳು. ಕೊಟ್ಟ ಮಾತು ಮುರಿಯಿತು.